ಬೀಗರಿಗೆ ಯಾವ ಬರ್ಗರ್?

2022ರಲ್ಲಿ ನಾನು ಬೆಂಗಳೂರಿನ ಒಂದು ಮಾರುಕಟ್ಟೆ ಸಮೀಕ್ಷೆ ಕಂಪನಿಯಲ್ಲಿ ತುಮಕೂರು ಜಿಲ್ಲೆಯ ಫೀಲ್ಡ್ ಸೂಪರ್‌ವೈಸರ್ ಆಗಿದ್ದೆ. ಜನ ಯಾವ ಸೋಪು ಹಚ್ಚುತ್ತಾರೆ, ಯಾವ ಟೀ ಪುಡಿ ತರುತ್ತಾರೆ, ಅದನ್ನೇ ಯಾಕೆ ತರುತ್ತಾರೆ ಎಂದು ಕೇಳಿ ಫಾರಂ ತುಂಬಿಸುವುದು ನಮ್ಮ ಕಂಪನಿಯ ಕಸುಬು. ಹೀಗೆ ಕೇಳಲು ಹೋಗುವವರನ್ನು ಇನ್ವೆಸ್ಟಿಗೇಟರ್ ಎನ್ನುತ್ತಾರೆ. ಅವರು ನಿಜವಾಗಿ ಕೇಳಿದರೋ ಅಥವಾ ಒಂದು ಮೂಲೆಯಲ್ಲಿ ಕೂತು ತಾವೇ ಟಿಕ್ ಹಾಕಿದರೋ ಎಂದು ಪತ್ತೆ ಹಚ್ಚುವುದು ಸೂಪರ್‌ವೈಸರ್ ಕೆಲಸ. ಉತ್ತರ ಕೊಟ್ಟವರ ಮನೆಗೇ ಮತ್ತೆ ಹೋಗಿ ವಿಚಾರಿಸುವ ಈ ಕ್ರಮಕ್ಕೆ ಬ್ಯಾಕ್‌ಚೆಕ್ ಎಂದು ಹೆಸರು. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ನಾನು ಹನ್ನೊಂದು ಜನರನ್ನು ಹಾಗೆ ಹಿಡಿದಿದ್ದೆ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಹನ್ನೆರಡನೆಯವರನ್ನು ಹಿಡಿಯಲು ಹೊರಟ ಕಥೆ ಇದು.

ಬರ್ಗರ್ ಮತ್ತು ಫ್ರೆಂಚ್ ಫ್ರೈಸ್ ಮಾರುವ ಒಂದು ದೊಡ್ಡ ಕಂಪನಿ ಆ ವರ್ಷ ನಮ್ಮ ಕಡೆ ಹೊಸ ಅಂಗಡಿಗಳನ್ನು ತೆರೆಯುವ ಯೋಚನೆಯಲ್ಲಿತ್ತು. ಅದರ ಎದುರಾಳಿಯೂ ಅದೇ ಯೋಚನೆಯಲ್ಲಿತ್ತು. ಇಬ್ಬರ ಹೆಸರನ್ನೂ ನಾನು ಹೇಳುವಂತಿಲ್ಲ, ಹೇಳುವ ಅಗತ್ಯವೂ ಇಲ್ಲ. ನಮ್ಮ ಜನಕ್ಕೆ ಯಾರ ರುಚಿ ಹಿಡಿಸುತ್ತದೆ ಎಂದು ತಿಳಿಯಲು ಬ್ಲೈಂಡ್ ಟೆಸ್ಟ್ ಮಾಡಬೇಕಿತ್ತು. ಅಂದರೆ ಹೆಸರು, ಡಬ್ಬ, ಬಣ್ಣದ ಕಾಗದ ಏನೂ ಇಲ್ಲದೆ, ಬಿಳಿ ತಟ್ಟೆಯಲ್ಲಿ ಬರೀ ಒಂದು ನಂಬರು ಬರೆದು ತಿಂಡಿ ಕೊಡುವುದು. ಒಂದು ಕಂಪನಿಯದು 417, ಇನ್ನೊಂದರದು 862. ತಟ್ಟೆಗೆ ಅರ್ಧ ವೆಜ್ ಬರ್ಗರ್, ಏಳು ಫ್ರೈಸ್. ಒಂದು ತಿಂದ ಮೇಲೆ ನೀರು ಕುಡಿದು ಬಾಯಿ ಸರಿಮಾಡಿಕೊಂಡು ಇನ್ನೊಂದು ತಿನ್ನಬೇಕು. ಆಮೇಲೆ ಒಂದರಿಂದ ಒಂಬತ್ತರೊಳಗೆ ಅಂಕ ಕೊಡಬೇಕು. ಒಂದು ಎಂದರೆ ಒಂಚೂರೂ ಹಿಡಿಸಲಿಲ್ಲ, ಒಂಬತ್ತು ಎಂದರೆ ತುಂಬಾ ಹಿಡಿಸಿತು.

ತುಮಕೂರು ಸಿಟಿಯ ಪಾಲನ್ನು ಬೆಂಗಳೂರಿನಿಂದ ಬಂದ ಇಬ್ಬರು ಹುಡುಗರು ಕ್ಯಾತ್ಸಂದ್ರದ ಹತ್ತಿರ ಕಾಲೇಜು ವಿದ್ಯಾರ್ಥಿಗಳನ್ನು ಸೇರಿಸಿ ಒಂದೇ ದಿನದಲ್ಲಿ ಮುಗಿಸಿದರು. ಗುಬ್ಬಿ ಮತ್ತು ಕುಣಿಗಲ್ ಕಡೆ ಮೂವತ್ತೈದು ದಾಟಿದ ಸಂಸಾರಸ್ಥರ ಅಭಿಪ್ರಾಯ ಬೇಕಿತ್ತು. ಭಾನುವಾರ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕೆಂದು ತೀರ್ಮಾನಿಸುವವರು ಅವರೇ ಎಂದು ಕಂಪನಿಯ ಲೆಕ್ಕಾಚಾರ. ಆ ಕೆಲಸವನ್ನು ಶೆಟ್ಟಿಹಳ್ಳಿಯ ಪುಷ್ಪಲತಾ ಎನ್ನುವವರಿಗೆ ಒಪ್ಪಿಸಿದೆ. ನಲವತ್ತರ ಹೆಂಗಸು, ಒಂಬತ್ತು ವರ್ಷದ ಅನುಭವ, ಕೆಲಸಕ್ಕೆ ಸೇರಿಸಿದ್ದೂ ನಾನೇ. ಮುಖಕ್ಕೆ ಬಾಗಿಲು ಹಾಕುವಂಥ ಮನೆಗಳಲ್ಲೂ ಕಾಫಿ ಕುಡಿದು ಫಾರಂ ತುಂಬಿಸಿಕೊಂಡು ಬರುವ ಜಾಣೆ. ಶೆಟ್ಟಿಹಳ್ಳಿಯಲ್ಲಿ ಸರ್ವೆ ಮೇಡಂ ಎಂದರೆ ಸಾಕು, ಯಾರು ಬೇಕಾದರೂ ಮನೆ ತೋರಿಸುತ್ತಿದ್ದರು. ಎರಡೂ ಊರಿನಲ್ಲಿ ಒಂದೊಂದು ಸಣ್ಣ ಹಾಲ್ ಹಿಡಿದು, ಹಿಂದಿನ ಕೋಣೆಯಲ್ಲಿ ಅಡುಗೆಯವನು ಕರಿದು ಕೊಟ್ಟಿದ್ದನ್ನು ತಾವೇ ತಟ್ಟೆಯಲ್ಲಿ ತಂದಿಟ್ಟು, ನಾಲ್ಕು ದಿನದಲ್ಲಿ ಐವತ್ತು ಫಾರಂ ಕಳಿಸಿದರು.

ಐದನೇ ದಿನ ಬೆಂಗಳೂರಿನಿಂದ ಪ್ರಾಜೆಕ್ಟ್ ಮ್ಯಾನೇಜರ್ ರೋಹಿತ್ ಫೋನ್ ಮಾಡಿದ.

“ಸರ್, ಆ ಮೇಡಂ ಕಳಿಸಿರೋ ಐವತ್ತರಲ್ಲಿ ನಲವತ್ತಾರು ಫಾರಂನಲ್ಲಿ ಎರಡಕ್ಕೂ ಒಂದೇ ಅಂಕ. ಎಂಟು ಎಂಟು, ಒಂಬತ್ತು ಒಂಬತ್ತು. ತಿನ್ನಿಸಿ ಕಳಿಸಿದಾರೆ, ಕೇಳಿಲ್ಲ. ಆಮೇಲೆ ಕೂತ್ಕೊಂಡು ತಾವೇ ತುಂಬಿದಾರೆ.”

ನಮ್ಮ ಭಾಷೆಯಲ್ಲಿ ಇದಕ್ಕೆ ಸ್ಟ್ರೇಟ್‌ಲೈನಿಂಗ್ ಎನ್ನುತ್ತಾರೆ. ಎಲ್ಲ ಪ್ರಶ್ನೆಗೂ ಒಂದೇ ಉತ್ತರ ಸಾಲಾಗಿ ಬಂದರೆ ಯಾರೋ ಆತುರದಲ್ಲಿ ಟಿಕ್ ಹಾಕಿದ್ದಾರೆ ಎಂದೇ ಅರ್ಥ. ಸೋಮವಾರದೊಳಗೆ ನಾನು ಬ್ಯಾಕ್‌ಚೆಕ್ ವರದಿ ಕಳಿಸಬೇಕು, ಆಮೇಲೆ ಆಕೆಯ ಹೆಸರನ್ನು ಬ್ಲ್ಯಾಕ್‌ಲಿಸ್ಟ್‌ಗೆ ಹಾಕಲಾಗುತ್ತದೆ ಎಂದ. ಆ ಪಟ್ಟಿ ನಮ್ಮ ಕಂಪನಿಯಲ್ಲೇ ಉಳಿಯುವಂಥದ್ದಲ್ಲ, ಈ ಕಸುಬಿನ ಎಲ್ಲ ಕಂಪನಿಗಳಿಗೂ ಹೋಗುತ್ತದೆ. ಒಮ್ಮೆ ಹೆಸರು ಸೇರಿದರೆ ಮತ್ತೆ ಯಾರೂ ಕೆಲಸ ಕೊಡುವುದಿಲ್ಲ. ಸರ್ವೆ ಮೇಡಂ ಕಳ್ಳ ಫಾರಂ ತುಂಬುತ್ತಿದ್ದಳಂತೆ ಎಂಬ ಮಾತು ಶೆಟ್ಟಿಹಳ್ಳಿ ಮುಟ್ಟಲು ಎರಡು ದಿನವೂ ಬೇಕಿರಲಿಲ್ಲ.

ನಾನೇ ತಿದ್ದಿ ತೀಡಿದ ಹೆಂಗಸು ಹೀಗೆ ಮಾಡಿಬಿಟ್ಟಳಲ್ಲ ಎಂಬ ಸಿಟ್ಟಿನಲ್ಲೇ ಪುಷ್ಪಲತಾಗೆ ಫೋನ್ ಹಚ್ಚಿದೆ.

“ಒಬ್ಬೊಬ್ರನ್ನೂ ಕೇಳಿದೀನಿ ಸಾರ್. ಅವ್ರು ಹೇಳಿದ್ದನ್ನೇ ಬರ್ದಿದೀನಿ” ಎಂದರು.

“ಎಲ್ರೂ ಎರಡಕ್ಕೂ ಒಂಬತ್ತು ಅಂದ್ರಾ? ನಂಬೋ ಮಾತಾ ಇದು?”

“ನೀವೇ ಹೋಗಿ ನೋಡ್ಕೊಂಡ್ ಬನ್ನಿ ಸಾರ್. ನಾನಿನ್ನೇನೂ ಹೇಳಲ್ಲ” ಎಂದು ಫೋನಿಟ್ಟರು. ಹಾಗೆ ಫೋನಿಟ್ಟದ್ದನ್ನು ನಾನು ತಪ್ಪಿತಸ್ಥರ ಲಕ್ಷಣ ಎಂದೇ ಎಣಿಸಿದೆ. ಅನುಭವಸ್ಥ ನೋಡಿ!

ಮಾರನೆಯ ಬೆಳಿಗ್ಗೆ ಗುಬ್ಬಿ ಬಸ್ಸು ಹತ್ತಿದೆ. ಪಟ್ಟಿಯಲ್ಲಿ ಮೊದಲ ಹೆಸರು ಕಮಲಮ್ಮ, ಐವತ್ತೆಂಟು ವರ್ಷ, ಎರಡಕ್ಕೂ ಒಂಬತ್ತು. ಮನೆ ಹುಡುಕಿಕೊಂಡು ಹೋಗಿ ವಿಷಯ ಹೇಳಿದ ತಕ್ಷಣ, ಒಳಗೆ ಕರೆದು ಕುರ್ಚಿ ಹಾಕಿದರು. ಬ್ಯಾಕ್‌ಚೆಕ್‌ನ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದೆ. ಯಾವತ್ತು ಹೋಗಿದ್ದಿರಿ, ಎಷ್ಟು ತಟ್ಟೆ ಕೊಟ್ಟರು, ನಡುವೆ ನೀರು ಕೊಟ್ಟರೇ, ಅಂಕ ಕೇಳಿದರೇ? ಎಲ್ಲದಕ್ಕೂ ಪುಷ್ಪಲತಾ ಬರೆದಿದ್ದ ಹಾಗೆಯೇ ಉತ್ತರ ಬಂತು. ತಟ್ಟೆಯ ನಂಬರು ಕೂಡ ನೆನಪಿಟ್ಟುಕೊಂಡಿದ್ದರು.

“ಎರಡೂ ಚೆನ್ನಾಗಿತ್ತಾ ಅಮ್ಮ?”

“ಎರಡೂ ಚೆನ್ನಾಗಿತ್ತು ಕಣಪ್ಪ” ಎಂದು ಹೇಳಿ, ಬೇಡವೆಂದರೂ ಬಿಡದೆ ಒಂದು ತಟ್ಟೆ ಅವಲಕ್ಕಿ ಒಗ್ಗರಣೆ ತಂದು ಕೈಗಿತ್ತರು. ಬಾಯಿಗೆ ಹಾಕಿಕೊಂಡೆ. ಉಪ್ಪೇ ಇಲ್ಲ. ಸಪ್ಪೆ ಎಂದರೆ ಸಪ್ಪೆ, ಆಸ್ಪತ್ರೆಯಲ್ಲಿ ಕೊಡುವ ಪಥ್ಯದ ಹಾಗೆ. ಕಮಲಮ್ಮ ಎದುರಿಗೇ ನಿಂತಿದ್ದರು.

“ಹೆಂಗೈತೆ?”

“ಚೆನ್ನಾಗಿದೆ ಅಮ್ಮ” ಎಂದೆ. ಎರಡನೇ ತುತ್ತನ್ನೂ ಹಾಕಿಕೊಂಡೆ.

ಅಷ್ಟರಲ್ಲಿ ಅವರ ಯಜಮಾನರು ಸಿದ್ದಲಿಂಗಪ್ಪ, ಸ್ನಾನ ಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದು, ನನ್ನ ಪಕ್ಕದಲ್ಲಿ ಕೂತು ತಮ್ಮ ತಟ್ಟೆಗೆ ಕೈ ಹಾಕಿದರು. ಒಂದೇ ತುತ್ತು.

“ಏನೇ ಇದು? ಉಪ್ಪೇ ಹಾಕಿಲ್ವಲ್ಲೇ!”

ಕಮಲಮ್ಮ ಗಂಡನ ತಟ್ಟೆಯಿಂದ ನಾಲ್ಕು ಅವಲಕ್ಕಿ ಬಾಯಿಗೆ ಹಾಕಿಕೊಂಡು ನೋಡಿ, ನನ್ನ ಕಡೆ ತಿರುಗಿದರು. “ಮತ್ತೆ ನೀವು ಚೆನ್ನಾಗೈತೆ ಅಂದ್ರಲ್ಲ?”

ನಾನು ತಬ್ಬಿಬ್ಬಾದೆ. “ನೀವು ಪ್ರೀತಿಯಿಂದ ಕೊಟ್ಟಿದ್ದು… ಹೆಂಗೆ ಹೇಳೋದು ಅಮ್ಮ?”

“ನಮ್ಗೂ ಹಂಗೇ ಅಲ್ವೇನಪ್ಪ” ಎಂದು ಆಕೆ ನಕ್ಕರು. “ಆ ಹೆಣ್ಮಗು ಬೆವರು ಸುರಿಸ್ಕೊಂಡು ತಟ್ಟೆ ಹಿಡ್ಕೊಂಡು ಬಂದು, ತಿನ್ನಿ ಅಮ್ಮ ಅಂತ ಮುಂದೆ ಕೂತ್ಕಂತು. ಅದರ ಮುಖ ನೋಡ್ಕೊಂಡು ಚೆನ್ನಾಗಿಲ್ಲ ಅನ್ನಕ್ಕಾಗುತ್ತಾ? ಅನ್ನಕ್ಕೆ ಹೆಸರಿಡಬಾರ್ದು ಅಂತ ನಮ್ಮನೇಲಿ ಕಲ್ಸವ್ರೆ.”

ನನ್ನ ಮನೆಯಲ್ಲೂ ಅದನ್ನೇ ಕಲಿಸಿದ್ದರು. ಮಠದ ದಾಸೋಹದಲ್ಲಿ ಸಾಲಿನಲ್ಲಿ ಕೂತು ಉಂಡು ಬೆಳೆದವನು ನಾನು. ಬಡಿಸಿದ್ದನ್ನು ಹೀಗಿದೆ ಹಾಗಿದೆ ಎಂದು ಒಂದು ಮಾತೂ ಆಡಿದವನಲ್ಲ. ಅಂಥವನು ಐವತ್ತು ಜನರ ಮುಂದೆ ಊಟದ ತಟ್ಟೆ ಇಟ್ಟು, ಬಡಿಸಿದವಳ ಎದುರಿಗೇ ಅಂಕ ಕೊಡಿ ಎಂದು ಕೇಳಿಸಿದ್ದೆ. ಕಾಲೇಜು ಹುಡುಗರಿಗೆ ಅದು ಅಂಗಡಿ ತಿಂಡಿ, ಮುಲಾಜಿಲ್ಲದೆ ಬಾಯಿಗೆ ಬಂದದ್ದು ಹೇಳಿದ್ದರು. ಇವರಿಗೆ ಅದು ಯಾರೋ ಮನೆಮಗಳು ಬಡಿಸಿದ ಅನ್ನವಾಗಿತ್ತು. ಉಪ್ಪಿಲ್ಲದ ಅವಲಕ್ಕಿಯನ್ನು ಪೂರ್ತಿ ತಿಂದು ಎದ್ದೆ.

ಆದರೂ ಒಂದು ಮನೆ ನೋಡಿ ವರದಿ ಬರೆಯುವ ಹಾಗಿರಲಿಲ್ಲ. ಗುಬ್ಬಿಯಲ್ಲಿ ಇನ್ನೂ ನಾಲ್ಕು ಮನೆ ಮುಗಿಸಿ, ಮರುದಿನ ಕುಣಿಗಲ್‌ಗೆ, ಅಲ್ಲಿಂದ ಕೊತ್ತಗೆರೆಗೆ ಹೋದೆ. ಎಲ್ಲ ಕಡೆಯೂ ಅದೇ. ಮೇಡಂ ಬಂದಿದ್ದರು, ಕೇಳಿದ್ದರು, ಬರೆದುಕೊಂಡಿದ್ದರು. ಕೊತ್ತಗೆರೆಯ ಜಯಮ್ಮ ಎಂಬ ರೈತ ಹೆಂಗಸು ಮಾತ್ರ, ಮೇಡಂ ಇಲ್ಲಿಲ್ಲ ಧೈರ್ಯವಾಗಿ ಹೇಳಿ ಎಂದಾಗ, ದನಿ ತಗ್ಗಿಸಿ ಹೇಳಿದರು.

“ಆ ದಪ್ಪಂದು ಒಳ್ಗೆ ಬೆಂದೇ ಇರ್ಲಿಲ್ಲ ಅನ್ಸ್ತು. ಹೋಗ್ಲಿ ಬುಡಿ, ಹೇಳ್ಬ್ಯಾಡಿ ಅವ್ರಿಗೆ. ಪಾಪ, ಅವರೇ ತಾನೆ ಮಾಡ್ಕೊಂಡ್ ಬಂದಿದ್ದು?”

ಹಿಂದಿನ ಕೋಣೆಯಲ್ಲಿ ಅಡುಗೆಯವನಿದ್ದ ಸಂಗತಿ ಆಕೆಗೆ ಗೊತ್ತೇ ಇರಲಿಲ್ಲ.

ಅಂದು ಸಂಜೆ ಕುಣಿಗಲ್‌ನಿಂದ ನೇರವಾಗಿ ಶೆಟ್ಟಿಹಳ್ಳಿಗೆ ಹೋದೆ. ಪುಷ್ಪಲತಾ ಬಾಗಿಲು ತೆರೆದರು, ಕೂತ್ಕೊಳ್ಳಿ ಎಂದರು, ಕಾಫಿ ಕೇಳಲಿಲ್ಲ. ಒಂಬತ್ತು ಮನೆಯ ವಿಷಯವನ್ನೂ ಹೇಳಿ, “ನಿಮ್ಮ ಫಾರಂ ನಿಜ ಅಮ್ಮ. ಆದರೆ ಉತ್ತರ ನಿಜ ಅಲ್ಲ. ಈಗೇನು ಮಾಡೋದು?” ಎಂದೆ.

“ಅದನ್ನ ನಾನು ಮೊದಲ್ನೇ ದಿನಾನೇ ಹೇಳಿದ್ದೆ ಸಾರ್.”

“ಯಾವಾಗ?”

“ಗುಬ್ಬಿಯಿಂದ ಮಧ್ಯಾಹ್ನ ಫೋನ್ ಮಾಡಿದ್ನಲ್ಲ. ‘ಹೆಂಗಿದೆ ಅಂತ ಕೇಳಿದ್ರೆ ಎಲ್ರೂ ಚೆನ್ನಾಗಿದೆ ಅಂತಿದಾರೆ ಸಾರ್, ಬೇರೆ ಥರ ಕೇಳ್ಲಾ’ ಅಂದೆ. ‘ಫಾರಂನಲ್ಲಿ ಏನಿದ್ಯೋ ಅದನ್ನ ಓದು, ನಿನ್ನ ಬುದ್ಧಿವಂತಿಕೆ ಬೇಡ’ ಅಂದ್ರಿ.”

ನೆನಪಾಯಿತು. ಆಗ ನಾನು ಬೆಂಗಳೂರಿನಿಂದ ಬಂದಿದ್ದ ಆ ಹುಡುಗರ ಜೊತೆ ಊಟಕ್ಕೆ ಕೂತಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. “ಬೇರೆ ಥರ ಅಂದ್ರೆ ಹೇಗೆ ಕೇಳ್ಬೇಕು ಅಂತಿದ್ರಿ?” ಎಂದು ಕೇಳಿದೆ.

“ನಾಳೆ ನಿಮ್ಮನೆಗೆ ಬೀಗ್ರು ಬರ್ತಾರೆ, ಎರಡ್ರಲ್ಲಿ ಯಾವುದನ್ನ ಇಡ್ತೀರ ಅಂತ” ಎಂದರು ಪುಷ್ಪಲತಾ. “ಆಗ ನೋಡಿ ಸಾರ್, ಯಾರೂ ನನ್ನ ಮುಖ ನೋಡಲ್ಲ. ಬೀಗ್ರ ಮುಂದೆ ಮರ್ಯಾದೆ ಹೋಗ್ಬಾರ್ದಲ್ಲ.”

ರೋಹಿತ್‌ನನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಬೀಗರು ಎಂದರೆ ಯಾರು, ಅವರ ಮುಂದೆ ಮರ್ಯಾದೆ ಎಂದರೇನು ಎಂದು ಹುಬ್ಬಳ್ಳಿಯಲ್ಲಿ ಹುಟ್ಟಿ ದೆಹಲಿಯಲ್ಲಿ ಬೆಳೆದ ಹುಡುಗನಿಗೆ ಅರ್ಧ ಗಂಟೆ ಪಾಠ ಮಾಡಿದೆ. ಕೊನೆಗೆ ಒಂದು ದಿನ ಕೊಟ್ಟ. ಗುಬ್ಬಿಯ ಅದೇ ಹಾಲ್, ಹೊಸ ಇಪ್ಪತ್ನಾಲ್ಕು ಜನ. ಈ ಸಲ ತಟ್ಟೆ ತಂದಿಟ್ಟವನು ಅಡುಗೆಯವನು. ಕೇಳಿದವರು ಪುಷ್ಪಲತಾ. ನಾನು ಮೂಲೆಯಲ್ಲಿ ಸುಮ್ಮನೆ ಕೂತಿದ್ದೆ.

ಮೊದಲ ಪ್ರಶ್ನೆಗೇ ಹಾಲ್‌ನ ಬಣ್ಣ ಬದಲಾಯಿತು. ಈ 862 ಬೇಡವೇ ಬೇಡ ಎಂದು ಒಬ್ಬ ಹೆಂಗಸು ತಟ್ಟೆಯನ್ನೇ ದೂರ ತಳ್ಳಿದರು. “ಈ ಸಾಸು ಎಲ್ಲಿ ಹಿಡ್ಕೊಂಡ್ರೂ ಸೋರುತ್ತೆ. ಬೀಗಿತ್ತಿ ರೇಷ್ಮೆ ಸೀರೆ ಮೇಲೆ ಸುರಿದ್ರೆ ಯಾರಮ್ಮ ಜವಾಬ್ದಾರಿ?” ಇನ್ನೊಬ್ಬರಿಗೆ 862ರ ಬನ್ನು ಸಿಹಿ ಹೆಚ್ಚು. 417ರ ಫ್ರೈಸ್ ಗರಿಗರಿ ಇದೆ ಎಂದು ಹೊಗಳಿದವರೇ, ಅದರ ಬರ್ಗರ್ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಪಕ್ಕದಲ್ಲಿ ನೀರಿಡಬೇಕು ಎಂದು ಸೇರಿಸಿದರು. ವಿಭೂತಿ ಧರಿಸಿದ ಹಿರಿಯರೊಬ್ಬರು ಎರಡನ್ನೂ ಮುಟ್ಟದೆ, “ಈ ಎಣ್ಣೇಲಿ ಬೇರೇನೂ ಕರಿದಿಲ್ಲ ತಾನೆ? ಮೊದ್ಲು ಅದನ್ನ ಹೇಳಿ” ಎಂದು ಪಟ್ಟು ಹಿಡಿದು, ಅಡುಗೆಯವನನ್ನು ಕರೆಸಿ ಕೇಳಿದ ಮೇಲೆಯೇ ತಿಂದರು. ತಿಂದಾದ ಮೇಲೆ ಯಾವುದೂ ಬೇಡ, ಬೀಗರಿಗೆ ಒಬ್ಬಟ್ಟು ಎಂದರು! ಫಾರಂನಲ್ಲಿ ಒಬ್ಬಟ್ಟಿಗೆ ಕಾಲಂ ಇರಲಿಲ್ಲ. ಪುಷ್ಪಲತಾ ಅಂಚಿನಲ್ಲಿ ಬರೆದುಕೊಂಡರು. ಕೊನೆಗೆ ಹದಿನೇಳು ಜನ 417, ಐವರು 862, ಇಬ್ಬರು ಒಬ್ಬಟ್ಟು. ಕಾರಣಗಳೇ ಹನ್ನೊಂದು ಪುಟವಾದವು. ಅಷ್ಟು ಸಂತೋಷದಿಂದ ಒಂದು ದಿನದ ಕೆಲಸ ನೋಡಿದ್ದು ನನಗೆ ನೆನಪಿಲ್ಲ.

ರೋಹಿತ್ ಆ ಪುಟಗಳನ್ನು ಓದಿ, ಇಂಥದ್ದು ಇದುವರೆಗೂ ಯಾವ ಊರಿನಿಂದಲೂ ಬಂದಿಲ್ಲ ಎಂದು ಖುಷಿಪಟ್ಟ. ಆದರೆ ಅವಸರದಲ್ಲಿ ನನ್ನ ವರದಿಗೂ ಕಾಯದೆ, ಹಿಂದಿನ ವಾರವೇ ಪುಷ್ಪಲತಾ ಹೆಸರನ್ನು ಆ ಪಟ್ಟಿಗೆ ಸೇರಿಸಿ ಕಳಿಸಿಬಿಟ್ಟಿದ್ದ. ತೆಗೆಸಬೇಕಾದರೆ ತಪ್ಪು ಎಲ್ಲಿ ಆಯಿತೆಂದು ಸೂಪರ್‌ವೈಸರ್ ಲಿಖಿತವಾಗಿ ಕೊಡಬೇಕಿತ್ತು. ಆ ಪತ್ರ ಪಟ್ಟಿ ತಲುಪಿದ ಎಲ್ಲ ಕಂಪನಿಗಳಿಗೂ ಹೋಗುತ್ತದೆ. ನನಗೆ ನಿವೃತ್ತಿಗೆ ಎರಡು ವರ್ಷವಿತ್ತು, ದಾಖಲೆಯಲ್ಲಿ ಒಂದು ಕಪ್ಪು ಚುಕ್ಕೆಯೂ ಇರಲಿಲ್ಲ.

ಪತ್ರ ಬರೆದೆ. ಕಳಿಸುವ ಮುಂಚೆ ಶೆಟ್ಟಿಹಳ್ಳಿಗೆ ತೆಗೆದುಕೊಂಡು ಹೋಗಿ ಪುಷ್ಪಲತಾ ಕೈಗೆ ಕೊಟ್ಟೆ. ಆ ದಿನ ಕಾಫಿ ಸಿಕ್ಕಿತು. ಆಕೆ ನಿಧಾನವಾಗಿ ಓದಿದರು. ಎರಡನೇ ಪ್ಯಾರಾದಲ್ಲಿ ನಾನು ಹೀಗೆ ಬರೆದಿದ್ದೆ: ‘ಪ್ರಶ್ನೆಯ ಸ್ವರೂಪದ ಬಗ್ಗೆ ಕ್ಷೇತ್ರದಿಂದ ಬಂದ ಸಲಹೆಯನ್ನು ಪರಿಗಣಿಸದ ಕಾರಣ ಲೋಪ ಉಂಟಾಗಿದೆ.’

“ಹೇಗಿದೆ ಅಮ್ಮ?” ಎಂದೆ.

ಆಕೆ ಪತ್ರವನ್ನು ಮೇಜಿನ ಮೇಲಿಟ್ಟರು. “ಚೆನ್ನಾಗಿಲ್ಲ ಸಾರ್. ಸಲಹೆ ಯಾರು ಕೊಟ್ರು ಅಂತ ಇಲ್ಲ, ಯಾರು ಬೇಡ ಅಂದ್ರು ಅಂತಾನೂ ಇಲ್ಲ.”

ಅಲ್ಲೇ ಕೂತು ಎರಡನೇ ಪ್ಯಾರಾ ಹೊಡೆದುಹಾಕಿ ಮತ್ತೆ ಬರೆದೆ. ‘ಪುಷ್ಪಲತಾ ಅವರು ಮೊದಲ ದಿನವೇ ನನಗೆ ಹೇಳಿದ್ದರು. ನಾನು ಅವರ ಬಾಯಿ ಮುಚ್ಚಿಸಿದೆ. ತಪ್ಪು ನನ್ನದು.’ ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ. ಆಕೆ ಇನ್ನೊಮ್ಮೆ ಓದಿ, ಮಡಚಿ ಲಕೋಟೆಗೆ ಹಾಕಿದರು. ಹತ್ತು ದಿನದಲ್ಲಿ ಅವರ ಹೆಸರು ಪಟ್ಟಿಯಿಂದ ಹೋಯಿತು. ನಾನು ನಿವೃತ್ತನಾದ ಮೇಲೆ ನನ್ನ ಜಾಗಕ್ಕೆ ಬಂದವರೂ ಅವರೇ.

ಕೆಲಸ ನನಗೆ ಕಲಿಸಿದ್ದು ಇಷ್ಟು. ಎದುರಿಗಿರುವವರು ಸುಳ್ಳು ಹೇಳುತ್ತಿದ್ದಾರೆ ಎಂದು ತೀರ್ಮಾನಿಸುವ ಮುಂಚೆ, ನಿಜ ಹೇಳಲು ಅವರಿಗೆ ನಾವು ದಾರಿ ಬಿಟ್ಟಿದ್ದೇವೆಯೇ ಎಂದು ನೋಡಿಕೊಳ್ಳಬೇಕು. ಮತ್ತೆ, ಚೆನ್ನಾಗಿಲ್ಲ ಎಂದು ನಿಮ್ಮ ಮುಖದ ಮೇಲೆ ಹೇಳುವವರು ಒಬ್ಬರು ಸಿಕ್ಕರೂ ಸಾಕು, ಅವರನ್ನು ಕಳೆದುಕೊಳ್ಳಬಾರದು. ನಾನು ಕಳೆದುಕೊಳ್ಳುವುದರಲ್ಲಿದ್ದೆ.