ಗಟ್ಟಿಗಿತ್ತಿ ಎಂಬ ಹೊಗಳಿಕೆ

ಮಂಗಳವಾರ ಸಂಜೆ ನಾನು ವಲಸೆ ಬಂದ ಸೋಲ್ನಾ ಊರಿನ ಗ್ರಂಥಾಲಯದಲ್ಲಿ ನಮ್ಮದೊಂದು ಓದುವ ಬಳಗ ಸೇರುತ್ತಿತ್ತು. ಹೆಣ್ಣಿನ ಬಿಡುಗಡೆಯ ಬಗ್ಗೆ ಕಪ್ಪು ಹೆಂಗಸರು ಬರೆದದ್ದನ್ನು ಓದುತ್ತಿದ್ದೆವು. ಒಂಬತ್ತು ಜನರಲ್ಲಿ ಕಪ್ಪು ಹೆಂಗಸು ಒಬ್ಬಳೇ, ನನ್ನ ಗೆಳತಿ. ಇದೇ ದೇಶದ ಓರೆಬ್ರೂನಲ್ಲಿ ಹುಟ್ಟಿ ಬೆಳೆದವಳು. ವೃದ್ಧಾಶ್ರಮದಲ್ಲಿ ಮುದುಕರನ್ನು ಎತ್ತಿ ಮಲಗಿಸುವ ಕೆಲಸ ಮಾಡುತ್ತಿದ್ದಳು. ಅವಳನ್ನೂ ನನ್ನನ್ನೂ ಬಿಟ್ಟರೆ ಉಳಿದವರೆಲ್ಲ ಬಿಳಿಯರು, ಹೆಚ್ಚಿನವರು ನಿವೃತ್ತ ಟೀಚರುಗಳು.

ಕಪ್ಪು ಹೆಂಗಸನ್ನು ಗಟ್ಟಿಗಿತ್ತಿ ಎಂದು ಹೊಗಳಿ ಹೊರೆ ಹೊರಿಸುತ್ತಾರೆ, ಅವಳ ನೋವನ್ನು ನಂಬುವುದಿಲ್ಲ ಎಂಬ ವಿಚಾರ ಬಂದ ದಿನ ಎಲ್ಲರೂ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡರು. ಒಬ್ಬಾಕೆ ಕಣ್ಣನ್ನೂ ಒರೆಸಿಕೊಂಡಳು. ಓದು ಮುಗಿದ ಮೇಲೆ ಕುರ್ಚಿ ಎತ್ತಿಡಲು ನನ್ನ ಗೆಳತಿಯ ಮುಖ ನೋಡಿದರು.

"ಬೆನ್ನು ನೋಯ್ತಿದೆ" ಎಂದಳು.

"ನಿನಗಾ? ನೀನು ನಮ್ಮೆಲ್ಲರಿಗಿಂತ ಗಟ್ಟಿ" ಎಂದು ಬಳಗ ನಡೆಸುವಾಕೆ ನಕ್ಕಳು.

ಪುಸ್ತಕದೊಳಗಿನವಳಿಗೆ ಮರುಗಲು ಖರ್ಚಿಲ್ಲ. ವೈದ್ಯರೂ ನನ್ನ ಗೆಳತಿಗೆ ಮಾತ್ರೆ ಕೊಟ್ಟು, ವಿಶ್ರಾಂತಿ ತಗೊಳ್ಳಿ ಎಂದು ಕಳಿಸಿದರು. ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು.

ಆಸ್ಪತ್ರೆಯಲ್ಲಿ ಅವಳು ನನ್ನಲ್ಲಿ ಕೇಳಿಕೊಂಡದ್ದು ಒಂದೇ. "ನಾನು ಹೋದ ಮೇಲೆ ಅವರು ಗಟ್ಟಿಗಿತ್ತಿ ಅಂತ ಶುರು ಮಾಡ್ತಾರೆ. ಬಾಯಿ ಮುಚ್ಚಿಸ್ತೀಯಾ?"

"ಮುಚ್ಚಿಸ್ತೀನಿ."

"ನೀನಾ? ಬಸ್ಸಲ್ಲಿ ಸೀಟಿನ ಮೇಲಿರೋ ಬ್ಯಾಗು ತೆಗೀರಿ ಅನ್ನೋಕೂ ಹೆದರ್ತೀಯ."

ಅವಳು ಸತ್ತ ವಾರ ಪಕ್ಕದ ಮನೆಯ ಕನ್ನಡದಾಕೆ ಬಂದಳು. "ಯಾರೋ ಕರಿಯಳಿಗೆ ಇಷ್ಟು ಅಳ್ತೀರಲ್ರೀ, ಸೂತಕನೂ ಹಿಡೀತೀರಾ?" ಎಂದಳು. ಮಗಳು ಬೆಳ್ಳಗಾಗಲೆಂದು ಊರಿಂದ ಕ್ರೀಮು ತರಿಸುವ ಹೆಂಗಸು. ಅವಳಿಗೆ ನಾನು ಕಾಫಿ ಕೊಡಲಿಲ್ಲ.

ಬಳಗದವರು ಗ್ರಂಥಾಲಯದ ಅದೇ ಕೋಣೆಯಲ್ಲಿ ಮೇಣದಬತ್ತಿ ಹಚ್ಚಿ, ದಾಲ್ಚಿನ್ನಿ ಬನ್ನು ಇಟ್ಟು ನೆನಪಿನ ಸಂಜೆ ಮಾಡಿದರು. ಇಲ್ಲಿನ ಪದ್ಧತಿಯಂತೆ ಮೇಜಿನ ಸುತ್ತ ಒಬ್ಬೊಬ್ಬರಾಗಿ ಮಾತಾಡಬೇಕು, ನಡುವೆ ಬಾಯಿ ಹಾಕುವುದು ಮಹಾ ಅಸಭ್ಯತೆ. ಮೊದಲನೆಯಾಕೆ ಗಟ್ಟಿಗಿತ್ತಿ ಎಂದಳು. ಎರಡನೆಯಾಕೆ ಬಂಡೆ ಎಂದಳು. ಅವಳು ಒಮ್ಮೆಯೂ ಗೊಣಗಲಿಲ್ಲ ಎಂದಳು ಮೂರನೆಯಾಕೆ. ಗೊಣಗಿದ್ದಳು, ಈಕೆಯ ಮುಂದೆಯೇ. ನಾನು ಕೈಕಟ್ಟಿ ಕೂತಿದ್ದೆ. ಹತ್ತು ವರ್ಷದಲ್ಲಿ ಈ ದೇಶದಿಂದ ನಾನು ಚೆನ್ನಾಗಿ ಕಲಿತದ್ದು ಅದೊಂದೇ.

ಏಳು ಜನ ಮುಗಿಸಿದ ಮೇಲೆ ಹೇಳಿದೆ: "ಅವಳಿಗೆ ನೋಯುತ್ತಿತ್ತು. ಈ ಕೋಣೆಯಲ್ಲೇ ಹೇಳಿದಳು. ನೀವು ನಕ್ಕಿರಿ."

"ಹಂಚಿಕೊಂಡಿದ್ದಕ್ಕೆ ಧನ್ಯವಾದ" ಎಂದು ಬಳಗ ನಡೆಸುವಾಕೆ ಬನ್ನಿನ ತಟ್ಟೆಯನ್ನು ನನ್ನತ್ತ ಸರಿಸಿದಳು.

ಅವರನ್ನು ಕ್ಷಮಿಸುವ ಮನಸ್ಸು ನನಗಿಲ್ಲ. ಆದರೆ ನನ್ನ ಗೆಳತಿ ಕೇಳಿದ್ದು ಅವರ ಬಾಯಿ ಮುಚ್ಚಿಸೆಂದು. ನಾನು ನನ್ನ ಸರದಿ ಬರಲೆಂದು ಕಾದೆ.