ಕಾಫಿ ಕಣದಲ್ಲಿ ಎರಡು ರೇಡಿಯೇಟರ್

ಬಣಕಲ್‌ನಲ್ಲಿ ನಮ್ಮ ಪಕ್ಕದ ತೋಟದ ಸಾಹುಕಾರರು ಯಾವ ವಾದಕ್ಕೂ "ನೋಡೇಬಿಡುವ ಮಾರಾಯ" ಅನ್ನುತ್ತಿದ್ದರು. ಅವರಪ್ಪನ ಕಾಲದ ಕಾರು ಇನ್ನೊಮ್ಮೆ ಘಾಟಿಯಲ್ಲಿ ಕುದ್ದು ನಿಂತರೆ ಮಾರಲೇಬೇಕೆಂದು ಅವರ ಹೆಂಡತಿ ಹಟ ಹಿಡಿದಿದ್ದರು. ಇಂಜಿನ್ ತಣ್ಣಗಿಡಲು ಹಳೆಯ ಹಿತ್ತಾಳೆ ರೇಡಿಯೇಟರೇ ಸಾಕೋ, ಹೊಸ ಅಲ್ಯೂಮಿನಿಯಂದು ಹಾಕಿಸಬೇಕೋ? ಹೊಸದೇ ಸರಿ ಎಂದು ನಾನು ವಾದಿಸಿದೆ. ಅವರು ಎರಡಕ್ಕೂ ಕುದಿನೀರು ತುಂಬಿ, ಕಾಫಿ ಒಣಗಿಸುವ ಕಣದಲ್ಲಿ ಗಾಳಿಗಿಟ್ಟು, ಆಗಾಗ ಕೈ ಮಗುಚಿ ಮುಟ್ಟುತ್ತಾ ಕೂತರು.

"ಕಣದ ಗಾಳಿ ಬೇರೆ, ಇಂಜಿನ್ ಬೇರೆ. ಇದು ಪುರಾವೆಯಲ್ಲ ಸಾಹುಕಾರ್ರೇ."

"ಮೊದಲು ತಣ್ಣಗಾಗಿದ್ದು ನಿಂದೇ ಮಾರಾಯ. ಈಗ್ಲೂ ಪುರಾವೆ ಅಲ್ವಾ?"

ಅವರು ಹೊಸದನ್ನೇ ಹಾಕಿಸಿ, ನನ್ನನ್ನೂ ಕೂರಿಸಿಕೊಂಡು ಘಾಟಿ ಹತ್ತಿದರು. ಕಾರು ಎಲ್ಲೂ ಕುದಿಯಲಿಲ್ಲ. ಮೇಲೆ ನಿಲ್ಲಿಸಿ, ನನ್ನ ಕೈ ಎಳೆದು, ಬರೀ ಬೆಚ್ಚಗಿದ್ದ ಬಾನೆಟ್ ಮೇಲಿಟ್ಟರು.

"ಈಗ ವಾದ ಮಾಡು."