ಕೈಗುಣದ ಮೇಸ್ತ್ರಿ

ಡಾಕ್ಟರಿಗೆ ಕೈಗುಣ ಇರುತ್ತೆ ಅಂತ ಎಲ್ಲರೂ ಕೇಳಿದ್ದೇವೆ. ಕಾರಿನ ಏಸಿ ರಿಪೇರಿ ಮಾಡುವವನಿಗೂ ಇರುತ್ತೆ ಅಂದರೆ ನಗುತ್ತೀರಿ. ನಕ್ಕುಕೊಳ್ಳಿ, ಬೇಡ ಅನ್ನೋರು ಯಾರು? ಆದರೆ ನಮ್ಮ ಮೇಸ್ತ್ರಿಯ ಬೀದಿಗೆ ಹೋಗಿ ಅವನ ಹೆಸರೇನು ಅಂತ ಕೇಳಿ ನೋಡಿ, ಒಬ್ಬರಿಗೂ ಗೊತ್ತಿಲ್ಲ. "ಓ, ಕೈಗುಣದ ಮೇಸ್ತ್ರಿನಾ? ಟೈರ್ ಅಂಗಡಿ ಪಕ್ಕದ ಶೆಡ್ಡು" ಅಂತ ತೋರಿಸುತ್ತಾರೆ.

ಅವನ ಪದ್ಧತಿ ಇಷ್ಟೇ. ಎಂಜಿನ್ ಓಡಿಸಿ, ಏಸಿ ಹಾಕಿ, ಬಾನೆಟ್ ಎತ್ತಿ, ಎರಡು ಪೈಪುಗಳನ್ನು ಎರಡು ಕೈಯಲ್ಲಿ ಹಿಡಿದು ಕಣ್ಣು ಮುಚ್ಚುವುದು. ಸಣ್ಣ ಪೈಪು ಬಿಸಿ ಇರಬೇಕು, ದಪ್ಪ ಪೈಪು ತಣ್ಣಗಿರಬೇಕು. ಎಷ್ಟು ಬಿಸಿ, ಎಷ್ಟು ತಂಪು ಅನ್ನೋದರಲ್ಲೇ ರೋಗ ಸಿಕ್ಕಿಬೀಳುತ್ತಿತ್ತು. ಅವನ ತಮ್ಮ ಪ್ರೀತಿಯಿಂದ ತಂದುಕೊಟ್ಟ, ಗ್ಯಾಸಿನ ಒತ್ತಡ ಅಳೆಯುವ ಗೇಜು ಡಬ್ಬದಿಂದ ಹೊರಗೇ ಬಂದಿರಲಿಲ್ಲ. "ಗೇಜಿಗೆ ಸುಳ್ಳು ಹೇಳೋಕೆ ಬರುತ್ತೆ ಕಣಯ್ಯಾ, ಚರ್ಮಕ್ಕೆ ಬರಲ್ಲ" ಅಂತ ಜಂಬ ಬೇರೆ. ಮೂವತ್ತು ವರ್ಷ ಹೀಗೇ ನಡೆದಿತ್ತು.

ಈಚೆಗೆ ಅವನು ಕುದಿಯುವ ಟೀ ಲೋಟವನ್ನು ನೀರಿನ ಲೋಟದ ಹಾಗೆ ಹಿಡಿದು ಕೂತಿರುವುದನ್ನು ಹೆಂಡತಿ ನೋಡಿದ್ದಳು. ಶೆಡ್ಡಿನ ಫೋನು, ಬಿಲ್ಲು, ಬೀಗದ ಕೈ ಎಲ್ಲ ನೋಡಿಕೊಳ್ಳುವವಳು ಅವಳೇ. "ಸಕ್ಕರೆ ಕಾಯಿಲೆ ಇರೋರು ಇಷ್ಟು ಅಸಡ್ಡೆ ಮಾಡಬಾರದು ರೀ, ಒಂದು ಸಲ ತೋರಿಸ್ಕೊಂಡು ಬರೋಣ" ಅಂದರೆ, "ನಿನಗೆ ಹಗ್ಗ ಕಂಡರೂ ಹಾವು" ಅಂತ ಹಾರಿಸಿಬಿಡುತ್ತಿದ್ದ. ಒಳಗೊಳಗೇ ಅವನಿಗೂ ಭಯವಿತ್ತು. ಕೈ ಹೋದರೆ ಕೈಗುಣದ ಮೇಸ್ತ್ರಿಗೆ ಉಳಿಯೋದೇನು? ಅದಕ್ಕೇ ಆ ಮಾತಿನ ಹತ್ತಿರವೂ ಸುಳಿಯುತ್ತಿರಲಿಲ್ಲ.

ಆವತ್ತು ಬೆಳಿಗ್ಗೆ ಹತ್ತು ಗಂಟೆಗೆ ಒಬ್ಬ ಟ್ಯಾಕ್ಸಿಯವನು ಬೆವರು ಒರೆಸಿಕೊಂಡು ಇಳಿದ.

"ಮೇಸ್ತ್ರಿ, ಏಸಿ ಹಾಕಿದರೆ ಒಲೆ ಮುಂದೆ ಕೂತ ಹಾಗಾಗುತ್ತೆ. ಹತ್ತಿದ ಗಿರಾಕಿ ಮುಂದಿನ ಸಿಗ್ನಲ್‌ನಲ್ಲೇ ಇಳಿದು ಹೋಗ್ತಾರೆ."

ಮೇಸ್ತ್ರಿ ಪೈಪು ಹಿಡಿದು ಕಣ್ಣು ಮುಚ್ಚಿದ. ಗ್ಯಾಸನ್ನು ಒತ್ತುವ ಕಂಪ್ರೆಸರ್ ಟಕ್ ಅಂತ ಸುತ್ತಲು ಶುರುವಾದ ಸದ್ದು ಕೇಳಿಸಿತು. ಆದರೆ ಎಡಗೈಗೂ ಬಿಸಿಯಿಲ್ಲ, ಬಲಗೈಗೂ ತಂಪಿಲ್ಲ. ಎರಡೂ ಒಂದೇ ಅಂದರೆ ಅರ್ಥ ಒಂದೇ.

"ಕಂಪ್ರೆಸರ್ ಸುತ್ತುತ್ತೆ, ಆದರೆ ಒಳಗೆ ದಮ್ಮಿಲ್ಲ. ಬದಲಾಯಿಸಬೇಕು."

ಟ್ಯಾಕ್ಸಿಯವನ ಮುಖ ಸಪ್ಪಗಾಯಿತು. ಆದರೂ ಕೈಗುಣದ ಮೇಸ್ತ್ರಿ ಹೇಳಿದ ಮೇಲೆ ಇನ್ನೇನು? "ಆಯ್ತು, ಮಾಡಿ" ಅಂದ. ಮೇಸ್ತ್ರಿ ಗ್ಯಾಸ್ ಇಳಿಸುವ ಮೆಷಿನ್ ತರಲು ಒಳಗೆ ಹೋದ.

ಟೀ ತಂದ ಹೆಂಡತಿ, ಬಾನೆಟ್ ಒಳಗೆ ಮರೆತುಹೋಗಿದ್ದ ಬಟ್ಟೆ ತೆಗೆಯಲು ಬಗ್ಗಿದಳು. "ಅಯ್ಯಯ್ಯೋ! ಇದೇನ್ರೀ, ಈ ಪೈಪು ಮಂಜುಗಡ್ಡೆ ಥರ ಕೊರೀತಿದೆ!"

"ಸುಮ್ನಿರೇ, ತಮಾಷೆ ಮಾಡಬೇಡ."

"ನಿಮ್ಮಾಣೆ ರೀ, ಬನ್ನಿ ನೋಡಿ."

ಮೇಸ್ತ್ರಿ ಬಂದು ಹಿಡಿದ. ಏನೂ ಇಲ್ಲ. ಈ ಸಲ ಕಣ್ಣು ಮಾತ್ರ ತೆರೆದಿತ್ತು. ದಪ್ಪ ಪೈಪಿನ ತುಂಬ ನೀರಿನ ಹನಿ ಸಾಲುಗಟ್ಟಿತ್ತು. ಓಡುತ್ತಿದ್ದ ಎಂಜಿನ್ ಫ್ಯಾನಿನಿಂದ ದೂರ ಸರಿದು, ಬಗ್ಗಿ, ಕೆನ್ನೆಯನ್ನೇ ಪೈಪಿಗೆ ಒತ್ತಿದ. ಕೊರೆಯುವ ಚಳಿ ಹಲ್ಲಿನವರೆಗೂ ಹೋಯಿತು. ಹಾಗೇ ಒಂದು ಗಳಿಗೆ ನಿಂತುಬಿಟ್ಟ.

ಟ್ಯಾಕ್ಸಿಯವನು ಏನೂ ಅರ್ಥವಾಗದೆ ನೋಡುತ್ತಿದ್ದ. ಅವನಿಗೆ ಏನಾದರೊಂದು ಕಥೆ ಕಟ್ಟಿ ಹೇಳಬಹುದಿತ್ತು. ಕಂಪ್ರೆಸರನ್ನೇ ಬದಲಾಯಿಸಿ ಕೈ ತೊಳೆದುಕೊಳ್ಳುವವರೂ ಇದ್ದಾರೆ, ಬಿಡಿ. ನಮ್ಮವನು ಮೆಷಿನ್ನಿನ ಪೈಪು ಸುತ್ತಿ ಪಕ್ಕಕ್ಕಿಟ್ಟ.

"ನಾನು ಹೇಳಿದ್ದು ತಪ್ಪಪ್ಪಾ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕೋಕೆ ಹೊರಟಿದ್ದೆ. ನಿನ್ನ ಕಂಪ್ರೆಸರ್ ಚೆನ್ನಾಗಿದೆ. ಕೆಟ್ಟಿರೋದು ನನ್ನ ಕೈ."

ಹೆಂಡತಿ ಲೋಟ ಕೆಳಗಿಟ್ಟಳು.

ಪೈಪು ತಣ್ಣಗಿದ್ದೂ ಗಾಳಿ ಬಿಸಿ ಬರುತ್ತದೆ ಅಂದರೆ ಕಳ್ಳ ಡ್ಯಾಶ್‌ಬೋರ್ಡಿನ ಒಳಗಿದ್ದಾನೆ. ಅಲ್ಲಿ ಮೋಟಾರು, ಚಕ್ರದಿಂದ ತಿರುಗುವ ಒಂದು ಪುಟ್ಟ ಬಾಗಿಲಿರುತ್ತದೆ. ಅದು ಹೀಟರಿನ ಕಡೆಗೆ ತೆರೆದು ಸಿಕ್ಕಿಕೊಂಡರೆ ತಂಪಾದ ಗಾಳಿಯೂ ಹೀಟರನ್ನು ದಾಟಿ ಬಿಸಿಯಾಗಿಯೇ ಬರುತ್ತದೆ. ಮೇಸ್ತ್ರಿ ಎಂಜಿನ್ ಆರಿಸಿ ಡ್ಯಾಶ್‌ಬೋರ್ಡಿನ ಖಾನೆ ಬಿಚ್ಚಿದ. ಅದರ ಹಿಂದೆ ಕಣ್ಣಿಗೆ ಏನೂ ಕಾಣುವುದಿಲ್ಲ, ಬೆರಳೇ ಹುಡುಕಬೇಕು. ಕೈ ಹಾಕಿ ತಡಕಾಡಿದ. ತಂತಿ ಯಾವುದು, ಚಕ್ರ ಯಾವುದು, ಒಂದೂ ತಿಳಿಯಲಿಲ್ಲ.

"ಸರೀರಿ ಆಚೆ" ಅಂದಳು ಹೆಂಡತಿ. ಸೆರಗು ಸಿಕ್ಕಿಸಿ, ಬಳೆ ಮೇಲೇರಿಸಿ, ಕೈ ತೂರಿಸಿದಳು. "ಎಲ್ಲಿಗೆ ಹೋಗ್ಲಿ, ಹೇಳಿ."

"ಎಡಕ್ಕೆ, ಇನ್ನೂ ಮೇಲೆ. ಬೆಂಕಿಪೊಟ್ಟಣದಷ್ಟು ದೊಡ್ಡ ಮೋಟಾರ್ ಸಿಗುತ್ತೆ. ಪಕ್ಕದಲ್ಲಿ ಹಲ್ಲಿನ ಚಕ್ರ."

"ಸಿಕ್ತು. ಎರಡು ಹಲ್ಲು ಉದುರಿಹೋಗಿದೆ. ನಿಮ್ಮ ದೊಡ್ಡಪ್ಪನ ಬಾಯಿ ಇದ್ದ ಹಾಗಿದೆ."

ಟ್ಯಾಕ್ಸಿಯವನು ಗೊಳ್ಳೆಂದು ನಕ್ಕ. ಮೇಸ್ತ್ರಿಗೂ ನಗು ಬಂತು. ಅವನು ಹೇಳಿದಂತೆ ಅವಳು ಮೋಟಾರನ್ನು ಬಿಡಿಸಿ, ಬಾಗಿಲನ್ನು ತಂಪಿನ ಕಡೆಗೆ ತಿರುಗಿಸಿ, ತಂತಿಯಿಂದ ಬಿಗಿದಳು. ಹೊಸ ಚಕ್ರ ನಾಳೆ ಬರುತ್ತದೆ, ಅಲ್ಲಿಯವರೆಗೆ ಇಷ್ಟು ಸಾಕು. ಎಂಜಿನ್ ಹಾಕಿದ್ದೇ ತಡ, ಅವಳ ಮುಖಕ್ಕೆ ತಣ್ಣನೆ ಗಾಳಿ ರಾಚಿತು.

"ಏನೇ ಹೇಳಿ, ಕೈಗುಣ ಅಂದರೆ ಮೇಸ್ತ್ರೀದೇ" ಅಂದ ಟ್ಯಾಕ್ಸಿಯವನು.

"ಇವತ್ತು ಇವಳದು ಕಣಪ್ಪಾ" ಅಂದ ಮೇಸ್ತ್ರಿ.

ಗಾಡಿ ಹೋದ ಮೇಲೆ ಅವನು ತಮ್ಮ ಕೊಟ್ಟಿದ್ದ ಗೇಜಿನ ಡಬ್ಬ ಇಳಿಸಿ ಧೂಳು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸುತ್ತ ಕೂತ. ಹೆಂಡತಿ ಪಕ್ಕದಲ್ಲಿ ಕೂತು ಅವನ ಬೆರಳುಗಳನ್ನು ಹಿಡಿದುಕೊಂಡಳು.

"ಹಿಡಿದಿದ್ದು ಗೊತ್ತಾಗ್ತಿದೆಯಾ?"

"ಇಲ್ಲ ಕಣೇ. ಬಹಳ ದಿನ ಆಯ್ತು."

ಅವಳು ಕೈ ಮೇಲಕ್ಕೆ ಸರಿಸಿದಳು, ಅಂಗೈಗೆ, ಮಣಿಕಟ್ಟಿಗೆ. "ಇಲ್ಲಿ?"

"ಹ್ಞಾ, ಇಲ್ಲಿ ಗೊತ್ತಾಗುತ್ತೆ."

"ಹಾಗಾದ್ರೆ ಇನ್ಮೇಲೆ ಇಲ್ಲಿಂದ ಹಿಡೀತೀನಿ. ಏಳಿ, ಶಟರ್ ಎಳೀರಿ, ಡಾಕ್ಟರು ಒಂದು ಗಂಟೆವರೆಗೂ ಇರ್ತಾರೆ."